ಮೂರು ನರದ ಎಲೆ

ಜಿಜಾನ್, ಸೌದಿ ಅರೇಬಿಯಾ
18 ಜುಲೈ 1984, ಬುಧವಾರ

ಪ್ರೀತಿಯ ಅಮ್ಮಾ,

ನಿನ್ನ ಮಗ ಸೇಸಪ್ಪನ ನಮಸ್ಕಾರಗಳು. ನಾನು ಇಲ್ಲಿ ಆರೋಗ್ಯವಾಗಿದ್ದೇನೆ. ನಿನ್ನ ಮೊಣಕಾಲಿನ ನೋವು ಮಳೆಗೆ ಮತ್ತೆ ಎದ್ದಿತೋ ಏನೋ. ಅಕ್ಕ ನಿನ್ನ ಹತ್ತಿರ ಬಿಟ್ಟಿರುವ ಪುಟ್ಟಿಯ ಕೆಮ್ಮು ಗುಣವಾಯಿತೇ? ಅವಳಿಗೆ ಐದು ತುಂಬಿತಲ್ಲ, ಈಗ ನಿನ್ನ ಮಾತು ಕೇಳುತ್ತಾಳೋ ಅಥವಾ ನೀನೇ ಅವಳ ಮಾತು ಕೇಳಬೇಕೋ? ತಮ್ಮ ಲೋಕಯ್ಯನಿಗೆ ಊರಿನ ಗಂಜಿ ಒಗ್ಗಿತು ಎಂದುಕೊಂಡಿದ್ದೇನೆ. ಹತ್ತು ವರ್ಷದವನಿದ್ದಾಗ ಮುಂಬಯಿಯ ಹೋಟೆಲು ಸೇರಿದವನು ಮೊನ್ನೆ ಯುಗಾದಿಗೆ ಮನೆಗೆ ಬಂದಿದ್ದಾನೆ, ಅವನಿಗೆ ಎಲ್ಲವೂ ಹೊಸತು.

ಮೆಟಿಲ್ಡಾ ಟೀಚರ್, ಯಾವಾಗಿನಂತೆ ನೀವೇ ಇದನ್ನು ಅಮ್ಮನಿಗೆ ಓದಿ ಹೇಳುತ್ತಿದ್ದೀರಿ. ಇಲ್ಲಿ ಒಂದು ನಿಮಿಷ ನಿಲ್ಲಿಸಿ, ಲೋಕಯ್ಯನನ್ನು ಕರೆದು ಎದುರಿಗೆ ಕೂರಿಸಿ. ಅವನು ಬಂದ ಮೇಲೆ ಮುಂದಿನದನ್ನು ಎರಡು ಸಲ ಓದಿ. ಲೋಕಯ್ಯಾ, ಆಟಿ ಅಮಾವಾಸ್ಯೆಯ ತೊಗಟೆ ಕಷಾಯಕ್ಕೆ ನೀನು ತೋಡಿನ ಆಚೆ ನೋಡಿಟ್ಟ ಮರವನ್ನು ಮುಟ್ಟಬೇಡ. ಅದು ಪಾಲೆ ಮರ ಅಲ್ಲ. ಅದು ಕಾಸರಕ, ವಿಷದ ಮರ. ನಾನು ಹೋದ ಕಾಗದದಲ್ಲಿ ಹೌದು, ಅದೇ ಮರ ಎಂದು ಬರೆದದ್ದು ತಪ್ಪು.

ಅಮ್ಮಾ, ತಪ್ಪು ಹೇಗಾಯಿತು ಎಂದು ಹೇಳದಿದ್ದರೆ ನೀನು ನಂಬುವವಳಲ್ಲ. ಸೇಸಪ್ಪ ಮರ ತಪ್ಪುತ್ತಾನೆಯೇ, ಅವನು ಅಪ್ಪನ ಹಿಂದೆ ನಡೆದವನು ಎಂದು ನೀನೇ ವಾದಿಸುತ್ತೀ. ಅದಕ್ಕೇ ಬರೆಯುತ್ತೇನೆ. ಲೋಕಯ್ಯನ ಕಾಗದ ನನಗೆ ಸಿಕ್ಕಿದ್ದು ರಂಜಾನಿನ ಕೊನೆಯ ವಾರ. ನಮ್ಮ ಹಳೆಯ ಪಾಲೆ ಹೋದ ವರ್ಷದ ಗಾಳಿಗೆ ಬಿತ್ತು, ಈ ಸಲ ಬೇರೆ ಮರ ಹುಡುಕಿದ್ದೇನೆ, ಇದು ಅದೇ ಜಾತಿಯೋ ನೋಡಿ ಹೇಳು ಎಂದು ಟೀಚರ ಕೈಯಲ್ಲಿ ಬರೆಸಿ, ಒಂದು ಎಲೆ ಮತ್ತು ಬೆರಳಗಲದ ತೊಗಟೆ ಇಟ್ಟು ಕಳಿಸಿದ್ದ. ಸಣ್ಣ ಮರ, ಬೂದಿ ಬಣ್ಣದ ತೊಗಟೆ, ನಾಲಗೆಗೆ ಮುಟ್ಟಿಸಿದರೆ ಕಹಿಯೋ ಕಹಿ, ಬೇಸಿಗೆಯಲ್ಲಿ ಬೋಳಾಗಿತ್ತು, ಈಗ ಚೆನ್ನಾಗಿ ಚಿಗುರಿದೆ ಎಂದೆಲ್ಲ ಇತ್ತು. ಟೀಚರ್, ನೀವು ಬೇಸರ ಮಾಡಬೇಡಿ, ನೀವು ಅವನು ಹೇಳಿದ್ದನ್ನು ಸರಿಯಾಗಿಯೇ ಬರೆದಿದ್ದಿರಿ. ಓದಿದವನಿಗೆ ಕಣ್ಣಿರಲಿಲ್ಲ.

ಇಲ್ಲಿ ನನ್ನ ಕೆಲಸ ನಿನಗೆ ಗೊತ್ತಲ್ಲ. ಹೊಸ ರಸ್ತೆಯ ಬದಿಗೆ ನೆಟ್ಟ ಸಸಿಗಳಿಗೆ ಟ್ಯಾಂಕರಿನಲ್ಲಿ ನೀರು ಬಿಡುವುದು, ಸತ್ತದ್ದನ್ನು ಕಿತ್ತು ಬೇರೆ ನೆಡುವುದು. ಕ್ಯಾಂಪಿನವರು ತಮಾಷೆಗೆ ನನ್ನನ್ನು ಮರದ ಡಾಕ್ಟರ್ ಎನ್ನುತ್ತಾರೆ. ಕೇಳಿ ಕೇಳಿ ನಾನೂ ನಂಬಿದೆ. ಲಕೋಟೆ ಒಡೆದು ಆ ಎಲೆಯನ್ನು ಮೂಗಿಗೆ ಹಿಡಿದಾಗ ಊರಿನ ಮಣ್ಣಿನ ವಾಸನೆ ಬಂತು. ಆರು ವರ್ಷವಾಯಿತಮ್ಮಾ. ನನಗೆ ಅಳು ಬಂತು, ಅಳುವವನು ಎಲೆ ನೋಡುತ್ತಾನೆಯೇ? ಗೊತ್ತಾಗುವುದಿಲ್ಲ, ಮರೆತಿದ್ದೇನೆ ಎಂದು ತಮ್ಮನಿಗೆ ಬರೆಯಲು ನಾಚಿಕೆಯೂ ಆಯಿತು. ಹೌದು, ಅದೇ, ಅಮಾವಾಸ್ಯೆಯ ಹಿಂದಿನ ಸಂಜೆ ಹೋಗಿ ಮರಕ್ಕೆ ಗುರುತಿನ ನೂಲು ಕಟ್ಟಿ ಬಾ ಎಂದು ಬರೆದು ಅಂಚೆಗೆ ಹಾಕಿದೆ. ಎಲೆಯನ್ನು ಮಾತ್ರ ಬಿಸಾಡಲಿಲ್ಲ, ಕನ್ನಡಿಯ ಸಂದಿಯಲ್ಲಿ ಸಿಕ್ಕಿಸಿಟ್ಟೆ.

ನಮ್ಮ ಕ್ಯಾಂಪಿನ ಅಡುಗೆಯವನು ಹಸನ್ ಕುಂಞಿಯ ಬಗ್ಗೆ ಹಿಂದೆ ಬರೆದಿದ್ದೆ, ಪುತ್ತೂರು ಕಡೆಯವನು. ರಂಜಾನಿಗೆ ಮಕ್ಕಾಕ್ಕೆ ಹೋದವನು ಹಬ್ಬ ಮುಗಿಸಿ, ಅಲ್ಲೇ ನೆಂಟರ ಹೋಟೆಲಿನಲ್ಲಿ ಎರಡು ವಾರ ನಿಂತು, ನಿನ್ನೆ ಹಿಂದಿರುಗಿದ. ನನಗೆ ಖರ್ಜೂರ ಕೊಡಲು ರೂಮಿಗೆ ಬಂದು ಕನ್ನಡಿ ನೋಡಿ ನಕ್ಕ. "ಎಂತ ಮಾರಾಯ, ಕಾಸರಕದ ಎಲೆಯನ್ನು ದೇವರ ಪ್ರಸಾದದ ಹಾಗೆ ಇಟ್ಟಿದ್ದೀಯಲ್ಲ" ಎಂದ. ನಾನು ಪಾಲೆ ಎಂದೆ. ಅವನು ಎಲೆಯನ್ನು ಬೆಳಕಿಗೆ ಹಿಡಿದು ತೋರಿಸಿದ. ತೊಟ್ಟಿನ ಬುಡದಿಂದಲೇ ಮೂರು ನರ ತುದಿಯವರೆಗೆ ಹೋಗಿದ್ದವು. ಪಾಲೆಗೆ ನಡುವೆ ಒಂದೇ ದಪ್ಪ ನರ, ಒಂದೇ ಗಿಣ್ಣಿನಲ್ಲಿ ಆರೇಳು ಎಲೆ ಸುತ್ತಲೂ ಇರುತ್ತವೆ, ಕಿತ್ತರೆ ಹಾಲು ಸುರಿಯುತ್ತದೆ. ಅದು ಬೇಸಿಗೆಯಲ್ಲಿ ಬೋಳಾಗುವ ಮರವೂ ಅಲ್ಲ. ಬೋಳಾಗುವುದು ಕಾಸರಕ. ಹಸನ್ ಕುಂಞಿಯ ಬಾಪ ಕಾಡಿನಲ್ಲಿ ಕಾಸರಕದ ಬೀಜ ಹೆಕ್ಕಿ ಮದ್ದಿನ ಅಂಗಡಿಗೆ ಮಾರುತ್ತಿದ್ದವರು, ಇವನಿಗೆ ಆ ಎಲೆ ಸಣ್ಣಂದಿನಿಂದ ಗೊತ್ತು. ಲೋಕಯ್ಯನಿಗೆ ಏನು ಬರೆದೆ ಎಂದು ಅವನಿಗೆ ಹೇಳಿದೆ. ಅವನ ನಗು ಅಲ್ಲಿಗೇ ನಿಂತಿತು.

ಅವನು ಒಂದು ವಿಷಯ ಹೇಳಿದ, ಬರೆಯಬಾರದು ಎಂದಿದ್ದೆ, ಆದರೆ ಲೋಕಯ್ಯನಿಗೆ ಹೆದರಿಕೆ ಹುಟ್ಟಬೇಕು. ಅವರ ಊರಿನ ಒಂದು ಮನೆಯಲ್ಲಿ ಆಟಿ ಅಮಾವಾಸ್ಯೆಯ ಬೆಳಿಗ್ಗೆ ಹೀಗೆಯೇ ತೊಗಟೆ ತಪ್ಪಿತಂತೆ. ಕುಡಿದು ಸ್ವಲ್ಪ ಹೊತ್ತಿಗೆ ಗಂಡ ಹೆಂಡತಿ ಇಬ್ಬರ ಮೈಯೂ ಬಿಲ್ಲಿನ ಹಾಗೆ ಸೆಟೆಯಿತಂತೆ. ಬುದ್ಧಿ ಮಾತ್ರ ಕೊನೆಯವರೆಗೂ ನೆಟ್ಟಗಿತ್ತು, ಮಕ್ಕಳಿಗೆ ಕೊಡಬೇಡಿ ಎಂದು ಹೇಳಲು ನೋಡಿದರೂ ಹಲ್ಲು ಕಚ್ಚಿಕೊಂಡು ಬಾಯಿ ಬಿಡಲಾಗಲಿಲ್ಲವಂತೆ. ಅಮ್ಮಾ, ಹುಚ್ಚು ನಾಯಿಗೆ ನಮ್ಮಲ್ಲಿ ಏನು ಹಾಕುತ್ತಿದ್ದರು ನೆನಪಿದೆಯಲ್ಲ. ಅದೇ ಮರ ಇದು.

ಅಪ್ಪ ನನ್ನನ್ನು ಹನ್ನೆರಡನೆಯ ವಯಸ್ಸಿನಲ್ಲಿ ಜೊತೆಗೆ ಕರೆದುಕೊಂಡು ಹೋಗಲು ಸುರುಮಾಡಿದರು. ಕಾಗೆ ಎದ್ದೇಳುವ ಮೊದಲು ಹೊರಡಬೇಕು, ದೀಪ ಹಿಡಿಯಬಾರದು, ದಾರಿಯಲ್ಲಿ ಮಾತಿಲ್ಲ, ಕತ್ತಿ ತಾಗಿಸಬಾರದು, ಕಲ್ಲಿನಿಂದ ಜಜ್ಜಿ ತೆಗೆಯಬೇಕು. ಅಷ್ಟೆಲ್ಲ ನೇಮ ಇಟ್ಟವರು ಒಂದು ಉಪಾಯವನ್ನೂ ಇಟ್ಟಿದ್ದರು. "ಕೈಗೆ ಹಾಲು ಅಂಟದಿದ್ದರೆ ಬರಿಗೈಯಲ್ಲಿ ಬಾ" ಎನ್ನುತ್ತಿದ್ದರು. ಆ ಒಂದು ಮಾತನ್ನು ನಾನು ಲೋಕಯ್ಯನಿಗೆ ಬರೆಯಲಿಲ್ಲ. ನೂಲು ಕಟ್ಟು ಎಂದು ಬರೆದೆ, ಕಲ್ಲು ಆರಿಸು ಎಂದು ಬರೆದೆ, ಬೆಳ್ಳುಳ್ಳಿ ಓಮ ಎಷ್ಟು ಹಾಕಬೇಕು ಎಂದೂ ಬರೆದೆ. ಅಪ್ಪನ ಕಾಲದಿಂದ ಸುತ್ತಲಿನ ಆರು ಮನೆಯವರು ಕಷಾಯಕ್ಕೆ ನಮ್ಮ ಅಂಗಳಕ್ಕೇ ಬರುತ್ತಾರೆ. ಹಿರಿಯಳು ಎಂದು ಮೊದಲ ಲೋಟ ನೀನು ಕುಡಿಯುತ್ತೀ. ಆಮೇಲೆ ಮೂಗು ಹಿಡಿದು ಪುಟ್ಟಿಗೆ ಒಂದು ಚಮಚ. ನಿನ್ನೆಯಿಂದ ನನಗೆ ಆ ಚಮಚವೇ ಕಣ್ಣಿಗೆ ಕಟ್ಟಿದೆ.

ಟೆಲಿಗ್ರಾಂ ಕೊಡಬಹುದಿತ್ತಲ್ಲ ಎಂದು ಟೀಚರ್ ಕೇಳಿಯಾರು. ನಾವಿರುವ ಕ್ಯಾಂಪಿನಿಂದ ಜಿಜಾನ್ ಪೇಟೆಗೆ ನಲವತ್ತು ಕಿಲೋಮೀಟರು. ನನ್ನ ಇಕಾಮಾ, ಅಂದರೆ ಇಲ್ಲಿರಲು ಬೇಕಾದ ಪರವಾನಗಿ, ಹೊಸದು ಮಾಡಿಸಲು ನಮ್ಮನ್ನು ಕರೆಸಿಕೊಂಡ ಧಣಿ ಕಫೀಲನ ಹತ್ತಿರ ಹೋಗಿ ತಿಂಗಳಾಯಿತು. ಆ ಕಾಗದ ಕೈಯಲ್ಲಿ ಇಲ್ಲದೆ ಚೆಕ್‌ಪೋಸ್ಟಿನ ಪೊಲೀಸರು ದಾಟಲು ಬಿಡುವುದಿಲ್ಲ. ಹೋದೆ ಅಮ್ಮಾ, ಇವತ್ತು ಬೆಳಿಗ್ಗೆ ನೀರಿನ ಟ್ಯಾಂಕರಿನಲ್ಲಿ ಕೂತು ಹೋದೆ. ಇಳಿಸಿ ಹಿಂದಕ್ಕೆ ಕಳಿಸಿದರು. ಮರದ ಎಲೆಯಿಂದ ನನ್ನ ತಾಯಿ ಸಾಯುತ್ತಾಳೆ ಎಂದು ನನಗೆ ಬರುವ ಹರಕು ಅರಬಿಯಲ್ಲಿ ಹೇಳಿದೆ, ಬಿಸಿಲಿಗೆ ತಲೆ ಕೆಟ್ಟಿದೆ ಎಂದುಕೊಂಡರು. ನಿನ್ನೆಯಷ್ಟೇ ಬಂದ ಹಸನ್ ಕುಂಞಿಗೆ ಮತ್ತೆ ರಜೆ ಸಿಗಲಿಲ್ಲ. ನಮ್ಮ ಸ್ಟೋರ್‌ಕೀಪರ್ ಶಿರ್ವದ ಓಸ್ವಾಲ್ಡ್ ಇವತ್ತು ರಜೆಗೆ ಹೊರಡುತ್ತಾನೆ. ಜಿದ್ದಾದಿಂದ ಟೆಲಿಗ್ರಾಂ ಕೊಡುತ್ತೇನೆ ಎಂದಿದ್ದಾನೆ, ಆದರೆ ಬಸ್ಸು ಸಮಯಕ್ಕೆ ಮುಟ್ಟಿದರೆ ಮಾತ್ರ. ಮುಂಬಯಿಯಲ್ಲಿ ಅಣ್ಣನ ಮನೆಯಲ್ಲಿ ವಾರ ನಿಲ್ಲುತ್ತಾನಂತೆ, ಈ ಕಾಗದವನ್ನು ಅಲ್ಲಿ ಇಳಿದ ಕೂಡಲೇ ಅಂಚೆಗೆ ಹಾಕುತ್ತಾನೆ.

ನಾನು ಕ್ಯಾಲೆಂಡರ್ ಮುಂದೆ ಕೂತು ಲೆಕ್ಕ ಹಾಕಿದ್ದೇನೆ. ಮಳೆಗೆ ಘಾಟಿ ರಸ್ತೆ ಕುಸಿಯದಿದ್ದರೆ ಮುಂದಿನ ಬುಧವಾರವೋ ಗುರುವಾರವೋ ನಿನಗೆ ಸಿಗಬೇಕು. ಅಮಾವಾಸ್ಯೆ ಶನಿವಾರ, ಇಪ್ಪತ್ತೆಂಟಕ್ಕೆ. ಆದರೆ ನಿನ್ನ ಅಭ್ಯಾಸ ನನಗೆ ಗೊತ್ತಿಲ್ಲವೇ? ನನ್ನ ಕಾಗದ ಬಂದರೆ ಕಣ್ಣಿಗೆ ಒತ್ತಿಕೊಂಡು ದೇವರ ಪಟದ ಹಿಂದೆ ಸಿಕ್ಕಿಸುತ್ತೀ, ಭಾನುವಾರ ಇಗರ್ಜಿಯ ಪೂಜೆ ಮುಗಿಸಿ ಟೀಚರ್ ಬಂದ ಮೇಲೆಯೇ ಒಡೆಸುತ್ತೀ. ಲೋಕಯ್ಯನಿಗೆ ಕನ್ನಡ ಓದಲು ಬಾರದು. ಭಾನುವಾರ ಇಪ್ಪತ್ತೊಂಬತ್ತು. ಅಪ್ಪ ತೀರಿಕೊಂಡಾಗ ನೀನು ಬರೆಸಿದ ಕಾಗದ ನನಗೆ ಒಂದು ಗಳಿಗೆಯೂ ತಡವಾಗದೆ ಸಿಕ್ಕಿತ್ತು. ಸಾವಿನ ಕಾಗದದ ಪದ್ಧತಿಯಂತೆ ಅದರ ಮೂಲೆ ಹರಿದಿತ್ತು. ಇಲ್ಲಿ ಕಾಗದದ ಚೀಲ ಬಿಡಿಸುವುದು ಓಸ್ವಾಲ್ಡನೇ, ಆ ಹರಿದ ಮೂಲೆ ಕಂಡವನೇ ಸೈಟಿಗೆ ಜೀಪಿನಲ್ಲಿ ತಂದು, ನನ್ನನ್ನು ನೆರಳಿನಲ್ಲಿ ಕೂರಿಸಿ, ನೀರು ಕುಡಿಸಿ ಕೊಟ್ಟ.

ಇನ್ನು ಮಾಡಬೇಕಾದದ್ದು ಕೇಳು. ಈ ವರ್ಷ ಕಷಾಯವೇ ಬೇಡ, ಮೆಂತೆ ಗಂಜಿ ಮಾಡಿ ಉಣ್ಣಿ, ದೇವರು ಕೋಪಿಸಿಕೊಳ್ಳುವುದಿಲ್ಲ. ಆರು ಮನೆಗೂ ಲೋಕಯ್ಯನೇ ಹೋಗಿ ಹೇಳಲಿ. ಅಣ್ಣ ತಪ್ಪು ಬರೆದ ಎಂದೇ ಹೇಳಲಿ, ನನಗೆ ಮರ್ಯಾದೆ ಬೇಡ. ಒಣಗಿಸಿಟ್ಟ ತೊಗಟೆ ಇದ್ದರೆ ಹೂಳಲಿ, ಒಲೆಗೆ ಹಾಕಬೇಡಿ. ಲೋಕಯ್ಯನನ್ನು ಬೈಯಬೇಡ, ಅವನು ಗೊತ್ತಿಲ್ಲದ್ದನ್ನು ಕೇಳಿದ. ಗೊತ್ತಿಲ್ಲದೆ ಗೊತ್ತಿದೆ ಎಂದವನು ನಾನು. ಪುಟ್ಟಿಗೆ ಮುತ್ತು, ಟೀಚರಿಗೆ ನಮಸ್ಕಾರ. ನನಗೆ ನಿನ್ನ ಆಶೀರ್ವಾದ ಇರಲಿ, ಈ ಸಲ ಅದು ನಿಜವಾಗಿ ಬೇಕು.

ನಿನ್ನ ಮಗ,
ಸೇಸಪ್ಪ

ಮತ್ತೆ: ಓಸ್ವಾಲ್ಡನ ಗಾಡಿ ಹಾರ್ನ್ ಹೊಡೆಯುತ್ತಿದೆ. ಅಮ್ಮಾ, ಅಂಟಿಸುವ ಮೊದಲು ಈ ಲಕೋಟೆಯ ಮೂಲೆಯನ್ನು ನಾನೇ ಹರಿದಿದ್ದೇನೆ. ಹರಿದ ಕಾಗದವನ್ನು ಪೋಸ್ಟಿನ ಐತಪ್ಪಣ್ಣ ಅಂಗಡಿಯಲ್ಲಿ ಬಿಟ್ಟು ಹೋಗುವುದಿಲ್ಲ, ನೀನೂ ಭಾನುವಾರಕ್ಕೆ ಕಾಯುವುದಿಲ್ಲ, ಸೇಸಪ್ಪ ಹೋದ ಎಂದು ಅಳುತ್ತಾ ಮಳೆಯಲ್ಲೇ ಟೀಚರ ಮನೆಗೆ ಓಡುತ್ತೀ. ನೀನು ಓಡಬೇಕೆಂದೇ ಹರಿದೆ. ಹಸನ್ ಕುಂಞಿ ಬೇಡ ಎಂದ, ಸಾವಿಲ್ಲದೆ ಮೂಲೆ ಹರಿದರೆ ಅದು ಸಾವನ್ನು ಹುಡುಕಿಕೊಂಡು ಹೋಗುತ್ತದಂತೆ. ಹುಡುಕುವುದಾದರೆ ಇಲ್ಲಿಗೆ ಬರಲಿ. ನಾನು ಬದುಕಿದ್ದೇನೆ ಅಮ್ಮಾ. ಇವತ್ತು ಯಾವ ವಾರ, ಶನಿವಾರ ಇನ್ನೂ ಬಂದಿಲ್ಲವಲ್ಲ ಎಂದು ಟೀಚರನ್ನು ಕೇಳು.