ಹಿಮದೂರಿನಲ್ಲಿ ಅಮ್ಮ ಹಾಕಿದ ಸೇಸೆ

ಅಲ್ ಥುಮಾಮಾ, ದೋಹಾ
13-2-2025, ಗುರುವಾರ

ಪ್ರೀತಿಯ ತಂಗಿ ಯಶುವಿಗೆ,

ಹಲ್ಲು ಹೇಗುಂಟು? ಬುದ್ಧಿಹಲ್ಲು ಕೀಳಿಸಿಕೊಂಡ ವಿಷಯ ಚನ್ನಕೇಶವ ಮಾವನ ಮನೆಯ ಅತ್ತೆ ಹೇಳಿ ಗೊತ್ತಾಯಿತು. ಬಾವು ಇಳಿಯಿತಾ? ಗಂಜಿ ತಣ್ಣಗೆ ಮಾಡಿಕೊಂಡು ಕುಡಿ, ಬ್ಯಾಂಕಿಗೆ ರಜೆ ಹಾಕು. ಮದುವೆಯ ಫೋಟೊದಲ್ಲಿ ಒಂದು ಕೆನ್ನೆ ಊದಿಕೊಂಡಿದ್ದರೆ ನಿನ್ನ ಹುಡುಗ ಬೇರೆ ಯಾರನ್ನೋ ತಂದು ಕೂರಿಸಿದ್ದಾರೆ ಎಂದು ಎದ್ದು ಓಡಿಯಾನು. ನಾವಿಲ್ಲಿ ಆರಾಮ. ನನ್ನ ಅಕ್ಷರ ನೋಡಿ ಹೆದರಬೇಡ, ಬಲಗೈ ಮಣಿಕಟ್ಟಿಗೆ ಬ್ಯಾಂಡೇಜು ಉಂಟು. ಅದರ ಕತೆ ಮುಂದೆ ಬರುತ್ತದೆ.

ಈ ಕಾಲದಲ್ಲಿ ಕಾಗದ ಬರೆಯುವ ಹುಚ್ಚು ಯಾಕೆ ಎಂದು ನೀನು ಕೇಳಬಹುದು. ನೀನು ಮನೆಯ ವಾಟ್ಸಾಪ್ ಗ್ರೂಪಿನಿಂದ ಎದ್ದು ಹೋಗಿದ್ದೀಯ. ಫೋನ್ ಮಾಡಿದರೆ ‘ಹ್ಞಾಂ’, ‘ಹ್ಞೂಂ’, ‘ಇಡ್ತೇನೆ’ ಇಷ್ಟೇ. ವಾಯ್ಸ್ ಮೆಸೇಜ್ ಕಳಿಸುವ ಎಂದರೆ ನಮ್ಮ ಫ್ಲಾಟಿನಲ್ಲಿ ನಾನು ಬಾತ್‌ರೂಮಿನಲ್ಲಿ ಪಿಸುಗುಟ್ಟಿದ್ದೂ ಅಮ್ಮನಿಗೆ ಅಡುಗೆಮನೆಯಲ್ಲಿ ಕೇಳುತ್ತದೆ. ನಮ್ಮ ಕಾರ್ಗೋ ಆಫೀಸಿನ ರಾಮಸ್ವಾಮಿಯವರು ಇವತ್ತು ಸಂಜೆಯ ವಿಮಾನಕ್ಕೆ ಮಂಗಳೂರಿಗೆ ರಜೆಯಲ್ಲಿ ಹೊರಟಿದ್ದಾರೆ. ನಿನ್ನ ಅತ್ತಿಗೆ ಅನಿಶಾ ಖರ್ಜೂರ, ಬಾದಾಮಿ, ನಿನಗೊಂದು ಅತ್ತರು ಎಲ್ಲ ಕಟ್ಟಿ ಇಟ್ಟಿದ್ದಾಳೆ. ಅದರ ಜೊತೆ ಇದೂ ಬರುತ್ತದೆ. ದಯವಿಟ್ಟು ಅತ್ತರಿನ ಮೊದಲು ಇದನ್ನು ಬಿಚ್ಚು.

ನಾವು ಆಲ್ಪ್ಸ್‌ಗೆ ಹೋಗಿ ಬಂದದ್ದು ನಿನಗೆ ಗೊತ್ತಿರಬಹುದು. ಅನಿಶಾ ವರ್ಷದ ಹಿಂದೆಯೇ ಬುಕ್ ಮಾಡಿದ್ದ ಟೂರು ಅದು. ಅಷ್ಟರಲ್ಲಿ ಅಮ್ಮ ವಿಸಿಟ್ ವೀಸಾದಲ್ಲಿ ಇಲ್ಲಿಗೆ ಬಂದರು. ಅವರೊಬ್ಬರನ್ನೇ ಬಿಟ್ಟು ಹೋಗುವುದು ಹೇಗೆ ಎಂದು ಅವರಿಗೂ ವೀಸಾ ಹಾಕಿದೆವು. ನನ್ನನ್ನು ಎರಡು ಸಲ ಅಲೆದಾಡಿಸಿದ ವೀಸಾ ಆಫೀಸಿನವರು ಅಮ್ಮನ ಮುಖ ನೋಡಿ ಒಂದೇ ಸಲಕ್ಕೆ ಕೊಟ್ಟರು! ಆಸ್ಟ್ರಿಯಾದ ಊರು. ಹೆಸರು ಬರೆಯುವುದಿಲ್ಲ, ಬರೆದರೆ ನೀನು ಗೂಗಲ್ ಮಾಡಿ, ಅಲ್ಲಿನ ಬಾರಿನ ಫೋಟೊಗಳನ್ನೆಲ್ಲ ಅತ್ತೆಗೆ ತೋರಿಸಿ, ‘ನೋಡಿ, ಅಣ್ಣ ಅಮ್ಮನನ್ನು ಎಲ್ಲಿಗೆ ಕರೆದುಕೊಂಡು ಹೋಗಿದ್ದಾನೆ’ ಎನ್ನುತ್ತೀಯ. ಹೇಳಿದರೆ ತಪ್ಪೂ ಅಲ್ಲ. ಬೆಟ್ಟದ ಬುಡದಲ್ಲಿ ಒಂದೇ ಒಂದು ಉದ್ದದ ಬೀದಿ, ಎರಡೂ ಕಡೆ ಮರದ ಮನೆಗಳು, ಮಾಡಿನ ಮೇಲೆ ಆಳುದ್ದ ಹಿಮ. ನೋಡಲಿಕ್ಕೆ ಬಹಳ ಸಾಧು ಊರು. ಮಧ್ಯಾಹ್ನ ನಾಲ್ಕು ಗಂಟೆ ಆಯಿತೋ, ಸ್ಕೀ ಮುಗಿಸಿ ಬಂದವರೆಲ್ಲ ಆ ದಪ್ಪ ಬೂಟು ಹಾಕಿಕೊಂಡೇ ಮೇಜಿನ ಮೇಲೆ ಹತ್ತಿ ಕುಣಿಯಲು ಶುರು. ಡೋಲು, ಕಹಳೆ, ಡೀಜೆ, ಬಿಯರು. ಮುದುಕರೂ ಕುಣಿಯುತ್ತಾರೆ. ಬೆಳಗಿನ ಜಾವದವರೆಗೂ ನಿಲ್ಲುವುದಿಲ್ಲವಂತೆ. ಅಮ್ಮ ಮೊದಲ ದಿನ ಕಿಟಕಿಯಿಂದ ನೋಡಿ, ‘ಇಲ್ಲಿ ಯಾರದ್ದೋ ಮದುವೆ ಉಂಟು’ ಎಂದರು. ಎರಡನೇ ದಿನವೂ ಅದೇ ಗದ್ದಲ ನೋಡಿ, ‘ಇವತ್ತೂ ಮದುವೆಯಾ?’ ಎಂದು ಕೇಳಿದರು. ಮೂರನೇ ದಿನ ಕೇಳಲಿಲ್ಲ, ಕಿಟಕಿಯ ಬಳಿ ಕುರ್ಚಿ ಎಳೆದುಕೊಂಡು ಕೂತರು. ನಿದ್ದೆಗೆಟ್ಟು ಯಕ್ಷಗಾನ ನೋಡಿದ ಹೆಂಗಸಿಗೆ ಇದೆಲ್ಲ ಯಾವ ಲೆಕ್ಕ?

ನೀನು ನಂಬುವುದಿಲ್ಲ, ಅಮ್ಮ ಸ್ಕೀ ಮಾಡಿದರು. ಅಂದರೆ, ಮಕ್ಕಳಿಗೆ ಕಲಿಸುವ ಇಳಿಜಾರಿನಲ್ಲಿ, ಐದು ವರ್ಷದ ಪೋರರ ನಡುವೆ. ಬಾಡಿಗೆ ಅಂಗಡಿಯಲ್ಲಿ ಅವರ ಅಳತೆಯ ಡ್ರೆಸ್ಸು ಇದ್ದದ್ದು ಒಂದೇ, ಅದೂ ದಾಸವಾಳದಂಥ ಕೆಂಪು. ಅಪ್ಪ ತೀರಿಕೊಂಡ ಮೇಲೆ ಬೂದಿ ಬಣ್ಣ ಬಿಟ್ಟು ಬೇರೆ ಉಡದ ನಮ್ಮ ಅಮ್ಮ ‘ನನಗೆ ಕೆಂಪಾ?’ ಎಂದು ಹಿಂದೆ ಸರಿದರು. ಅನಿಶಾ, ‘ಹಿಮದಲ್ಲಿ ಕಳೆದುಹೋದರೆ ಹುಡುಕಲಿಕ್ಕೆ ಕೆಂಪೇ ಆಗಬೇಕು ಅತ್ತೆ, ಇಲ್ಲಿನ ರೂಲ್ಸು’ ಎಂದು ರೈಲು ಬಿಟ್ಟಳು. ರೂಲ್ಸು ಎಂದ ಮೇಲೆ ಅಮ್ಮ ಅದನ್ನೇ ತೊಟ್ಟುಕೊಂಡರು. ಸ್ಕೀ ಕಟ್ಟಿಕೊಂಡ ಕೂಡಲೇ ಮಾಸ್ತರನನ್ನು ತುಳುವಿನಲ್ಲೇ ಕೇಳಿದ್ದು, ‘ಬ್ರೇಕ್ ಓಲುಂಡು?’ ಎಂದು. ಬ್ರೇಕ್ ಎಲ್ಲಿ ಎಂಬುದು ಅವನಿಗೆ ಅರ್ಥವಾಗುವ ಮೊದಲೇ ಇವರು ಜಾರಿಕೊಂಡು ಹೋಗಿ ಹುಲ್ಲಿನ ಮೂಟೆಗೆ ಒರಗಿ ನಿಂತಾಗಿತ್ತು. ನಾನು ಹೆದರಿ ಓಡಿದರೆ ಅವರು ಮುಖ ಮುಚ್ಚಿಕೊಂಡು ನಗುತ್ತಿದ್ದರು ಯಶು. ಅಪ್ಪ ಹೋದ ಮೇಲೆ ಅಮ್ಮ ಹಾಗೆ ಮೈ ಕುಲುಕಿಸಿ ನಕ್ಕದ್ದನ್ನು ನಾನು ನೋಡಿಯೇ ಇರಲಿಲ್ಲ. ನನಗೆ ಎಷ್ಟು ಸಂತೋಷವಾಯಿತೆಂದರೆ, ನಿನಗೂ ತೋರಿಸಬೇಕಿತ್ತಲ್ಲ ಎಂದು ಅಲ್ಲೇ ಹೊಟ್ಟೆಯುರಿಯಿತು.

ಈಗ ನಿಜವಾದ ಸುದ್ದಿಗೆ ಬರುತ್ತೇನೆ. ಆ ಸಂಜೆ ಬಿಸಿ ಚಾಕಲೇಟು ಕುಡಿಯಲು ನಾವೂ ಒಂದು ಕುಣಿಯುವ ಜಾಗಕ್ಕೆ ಹೋದೆವು, ಬೇರೆ ಎಲ್ಲಿಯೂ ಸೀಟಿರಲಿಲ್ಲ. ಪಕ್ಕದ ಮೇಜಿನಲ್ಲಿ ಹಾಲೆಂಡಿನ ಹುಡುಗಿಯರ ದೊಡ್ಡ ದಂಡು. ಅದರಲ್ಲಿ ಒಬ್ಬಳು, ಫೆಮ್ಕೆ ಎಂದು ಹೆಸರು, ಸ್ಕೀ ಹೆಲ್ಮೆಟಿನ ಮೇಲೆಯೇ ಮದುಮಗಳ ಬಿಳಿ ಪರದೆ ಸಿಕ್ಕಿಸಿಕೊಂಡಿದ್ದಳು. ಮದುವೆಗೆ ಮೊದಲು ಗೆಳತಿಯರೆಲ್ಲ ಸೇರಿ ಮಜಾ ಮಾಡಲು ಬಂದಿದ್ದರು. ಅಮ್ಮನ ಬೂಟಿನ ಕೊಕ್ಕೆ ಬಿಗಿದು ಕಾಲು ನೋಯುತ್ತಿತ್ತು, ನಾನು ಎಳೆದರೂ ಬಿಚ್ಚಲಿಲ್ಲ. ಅದನ್ನು ನೋಡಿದ ಆ ಹುಡುಗಿ ಎದ್ದು ಬಂದು, ಪರದೆ ಹಿಂದಕ್ಕೆ ಸರಿಸಿ, ಅಮ್ಮನ ಎದುರು ಮೊಣಕಾಲೂರಿ, ಎರಡೂ ಕೈ ಅವರ ಪಾದದ ಮೇಲಿಟ್ಟಳು. ಕೊಕ್ಕೆ ಬಿಚ್ಚಲಿಕ್ಕೆ ಮಾರಾಯ್ತಿ! ಆದರೆ ಅಮ್ಮನಿಗೆ ಕಂಡದ್ದು ಬೇರೆ. ಮದುಮಗಳು ಒಬ್ಬಳು ಕಾಲು ಮುಟ್ಟಿ ನಮಸ್ಕಾರ ಮಾಡುತ್ತಿದ್ದಾಳೆ. ಕಾಲಿಗೆ ಬಿದ್ದ ಮಗುವನ್ನು ಹರಸದೆ ಹಾಗೇ ಎಬ್ಬಿಸುವುದುಂಟಾ? ಅಮ್ಮ ದಡಬಡಿಸಿ ಎದ್ದರು, ಸುತ್ತ ನೋಡಿದರು, ಕೈಚೀಲಕ್ಕೆ ಕೈ ಹಾಕಿದರು. ಲಗೇಜು ಕಳೆದುಹೋದರೆ ಉಪವಾಸ ಬೀಳುತ್ತೇವೆಂದು ಊರಿನ ಕುಚ್ಚಲಕ್ಕಿಯನ್ನು ಅವರು ಕೈಚೀಲದಲ್ಲೇ ಹೊತ್ತುಕೊಂಡು ತಿರುಗುತ್ತಿದ್ದರು. ಒಂದು ಚಿಟಿಕೆ ತೆಗೆದು, ಮೊಣಕಾಲಿಗೆ, ಭುಜಕ್ಕೆ ಮುಟ್ಟಿಸಿ, ತಲೆಯ ಮೇಲೆ ಹಾಕಿ, ‘ಎಡ್ಡೆ ಆವಡ್ ಬಾಲೆ’ ಎಂದರು, ಒಳ್ಳೆಯದಾಗಲಿ ಮಗೂ ಎಂದು. ನಮ್ಮ ಮದುವೆಗಳಲ್ಲಿ ಹಾಕುವ ಅದೇ ಸೇಸೆ. ಸೇಸೆಗೆ ಬಿಳಿಯ ಬೆಳ್ತಿಗೆ ಅಕ್ಕಿಯೇ ಆಗಬೇಕು, ಕುಚ್ಚಲಕ್ಕಿ ಆಗುವುದಿಲ್ಲ ಎಂದು ನೀನೀಗ ಶಾಸ್ತ್ರ ತೆಗೆಯಬೇಡ.

ಫೆಮ್ಕೆ ಒಂದು ಗಳಿಗೆ ಕಣ್ಣು ಪಿಳಿಪಿಳಿ ಬಿಟ್ಟಳು. ಏನೆಂದು ಅನಿಶಾ ಇಂಗ್ಲಿಷಿನಲ್ಲಿ ಹೇಳಿದಳು. ಅಷ್ಟೇ ಸಾಕಾಯಿತು. ಆ ಹುಡುಗಿ ಅಮ್ಮನನ್ನು ತಬ್ಬಿಕೊಂಡು ಕಿರುಚಿದ ಕಿರುಚಿಗೆ ಡೀಜೆ ಹಾಡು ನಿಲ್ಲಿಸಿದ. ಗೆಳತಿಯರೆಲ್ಲ ‘ನನಗೂ, ನನಗೂ’ ಎಂದು ಕ್ಯೂ ನಿಂತರು. ಆಮೇಲೆ ಬಡಿಸುವವರು, ಡೀಜೆ, ಗುರುತಿಲ್ಲದ ಗಡ್ಡದ ಜರ್ಮನರು. ಬಿಯರ್ ಗ್ಲಾಸು ಪಕ್ಕಕ್ಕಿಟ್ಟು ಒಬ್ಬೊಬ್ಬರಾಗಿ ಬಂದು ತಲೆ ಬಗ್ಗಿಸುವುದು, ಕೆಂಪು ಡ್ರೆಸ್ಸಿನ ನಮ್ಮ ಅಮ್ಮ ಗಂಭೀರವಾಗಿ ಅಕ್ಕಿ ಹಾಕುವುದು. ಮೂರು ದಿನದ ಗಂಜಿಯ ಅಕ್ಕಿ ಅಲ್ಲೇ ಖಲಾಸ್. ಉಳಿದ ದಿನ ನಾವು ಬ್ರೆಡ್ಡು, ಬಟಾಟೆ ತಿಂದುಕೊಂಡು ಬಂದೆವು.

ಆದರೆ ಕೋಣೆಗೆ ಬಂದ ಮೇಲೆ ಅಮ್ಮನ ಮುಖ ಬಾಡಿತು. ಊಟ ಸೇರಲಿಲ್ಲ. ಬೆಳಿಗ್ಗೆ ನೋಡಿದರೆ ಕಣ್ಣು ಊದಿಕೊಂಡಿತ್ತು. ಏನೆಂದು ಕೇಳಿದ್ದಕ್ಕೆ, ‘ಮದುಮಗಳಿಗೆ ನಾನು ಕೈ ಮುಟ್ಟಿಸಿಬಿಟ್ಟೆ ಪೃಥ್ವಿ. ಗಂಡ ಇಲ್ಲದವಳು. ಮೊದಲೇ ಬೆಟ್ಟದಿಂದ ಜಾರುವ ಹುಡುಗಿ. ಅದಕ್ಕೆ ಏನಾದರೂ ಆದರೆ?’ ಎಂದರು. ನನಗೆ ಮೊದಲು ಸಿಟ್ಟೇ ಬಂತು. ನಿನ್ನ ನಿಶ್ಚಿತಾರ್ಥದ ದಿನ ಆರತಿ ಎತ್ತುವಾಗ ಅಮ್ಮ ಅಡುಗೆಮನೆಯ ಬಾಗಿಲ ಹಿಂದೆ ನಿಂತದ್ದು, ಧಾರೆಯನ್ನು ಚನ್ನಕೇಶವ ಮಾವನೂ ಅತ್ತೆಯೂ ಎರೆಯಲಿ ಎಂದದ್ದು, ನೀನು ‘ಅಮ್ಮ ಎರೆಯದಿದ್ದರೆ ರಿಜಿಸ್ಟ್ರಾರ್ ಆಫೀಸಿನಲ್ಲೇ ಮದುವೆ’ ಎಂದು ರಂಪ ಮಾಡಿದ್ದು ಎಲ್ಲ ನೆನಪಾಯಿತು. ನಿನ್ನ ಹಾಗೆ ನಾನೂ ಅದನ್ನು ಅವರ ಹಠ ಎಂದುಕೊಂಡಿದ್ದೆ. ಅಲ್ಲ ಯಶು. ಅವರಿಗೆ ನಿಜವಾಗಿ ಹೆದರಿಕೆ. ತನ್ನ ಕೈಯಿಂದ ನಿನಗೆ ಕೇಡಾದೀತು ಎಂಬ ಹೆದರಿಕೆ. ಆ ಹೆದರಿಕೆಯನ್ನು ನಾನು ಕಣ್ಣಾರೆ ನೋಡಿದೆ, ಬೇರೆಯವರ ಮಗಳಿಗಾಗಿ.

ಹುಡುಗಿ ಕ್ಷೇಮವಾಗಿದ್ದಾಳಾ ಎಂದು ನೋಡದೆ ಅಮ್ಮ ಒಂದು ಗುಟುಕು ಚಹಾ ಕುಡಿಯುವುದಿಲ್ಲ ಎಂದರು. ಸರಿ, ಯಲ್ಲಾ, ನಡೆಯಿರಿ ಎಂದು ಕೇಬಲ್ ಕಾರು ಹತ್ತಿ ದೊಡ್ಡವರು ಜಾರುವ ಇಳಿಜಾರಿನ ಬುಡಕ್ಕೆ ಹೋಗಿ ನಿಂತೆವು. ಮೇಲಿನಿಂದ ಇರುವೆಗಳ ಹಾಗೆ ಜನ ಇಳಿಯುತ್ತಿದ್ದಾರೆ, ಅದರಲ್ಲಿ ಫೆಮ್ಕೆ ಯಾರು? ಅಷ್ಟರಲ್ಲಿ ಪೆಟ್ಟಾದವರನ್ನು ಮಲಗಿಸಿ ಎಳೆದು ತರುವ ಗಾಡಿ ಬಂತು. ಅಮ್ಮ ನನ್ನ ಕೈ ಕೊಡವಿ ಆ ಹಿಮದಲ್ಲಿ ಓಡಿದರು. ಹೋಗಿ ಇಣುಕಿದರೆ ದಪ್ಪ ಮೀಸೆಯ ಗಂಡಸು, ಕಾಲು ಉಳುಕಿಸಿಕೊಂಡು ಸಿಗರೇಟು ಕೇಳುತ್ತಿದ್ದ. ಅಮ್ಮ ಅವನಿಗೆ ಕೈ ಮುಗಿದು ವಾಪಸು ಬಂದರು. ಕಾದು ಕಾದು ನನ್ನ ಮೂಗು ಮರಗಟ್ಟಿದ ಮೇಲೆ ಬಂದಳು ನೋಡು ಮಹಾರಾಯ್ತಿ, ಪರದೆ ಹಾರಿಸಿಕೊಂಡು, ಬಾಣ ಬಿಟ್ಟಂತೆ. ಕೆಂಪು ಡ್ರೆಸ್ಸು ಕಂಡು ‘ಮಾಮಾ!’ ಎಂದು, ಅವರ ಭಾಷೆಯಲ್ಲಿ ಅಮ್ಮಾ ಎಂದು, ಕೂಗಿ, ನಮ್ಮ ಮುಖಕ್ಕೆಲ್ಲ ಹಿಮ ಎರಚಿ ನಿಂತಳು. ಅಮ್ಮ ಅವಳ ಕೆನ್ನೆ, ತೋಳು, ಮೊಣಕೈ ಎಲ್ಲ ಮುಟ್ಟಿ ಮುಟ್ಟಿ ನೋಡಿದರು, ಗೇರುಮರದಿಂದ ಬಿದ್ದ ದಿನ ನಿನ್ನನ್ನು ನೋಡಿದ ಹಾಗೆ. ಒಂದು ಗೀರೂ ಇಲ್ಲ! ಬೆಳಿಗ್ಗೆ ಪರದೆ ಕೊಡವುವಾಗ ಅಕ್ಕಿಕಾಳು ಸಿಕ್ಕಿತೆಂದೂ ಅದನ್ನು ಅಮ್ಮನಿಗೆ ತೋರಿಸಲು ಎತ್ತಿಟ್ಟಿದ್ದೇನೆಂದೂ ಅವಳು ಹೇಳಿದಳು. ಅಮ್ಮ ಅವಳ ಕೈ ಬಿಡಲೇ ಇಲ್ಲ.

ಆ ಖುಷಿಯಲ್ಲಿ ನಾನೂ ಒಂದು ಕೈ ತೋರಿಸುವ ಎಂದು ಸ್ಕೀ ಕಟ್ಟಿಕೊಂಡು ಹೊರಟೆ. ನಾಲ್ಕು ಮಾರು ಹೋಗುವುದರೊಳಗೆ ಮಕಾಡೆ ಬಿದ್ದು ಮಣಿಕಟ್ಟು ಉಳುಕಿತು. ಅಮ್ಮ ಹತ್ತಿರ ಬಂದು, ಕೈ ಹಿಡಿದು ನೋಡಿ, ‘ನಿನ್ನೆ ಇಡೀ ಊರಿಗೆ ಸೇಸೆ ಹಾಕಿದೆ, ನಿನಗೊಬ್ಬನಿಗೆ ಹಾಕಿರಲಿಲ್ಲ’ ಎಂದರು. ತನ್ನ ಕೈಯ ಅಕ್ಕಿ ಬಿದ್ದವರಿಗಲ್ಲ, ಬೀಳದ ನನಗೇ ಪೆಟ್ಟಾಯಿತು ಎಂದು ಅವರಿಗೇ ಆಗ ಹೊಳೆದಿರಬೇಕು. ಕೇಬಲ್ ಕಾರಿನಲ್ಲಿ ಇಳಿಯುವಾಗ ಪೂರ್ತಿ ತನ್ನ ಅಂಗೈಯನ್ನೇ ನೋಡುತ್ತ ಕೂತಿದ್ದರು. ವಿಮಾನದಲ್ಲಿ ನಾನು ಧಾರೆಯ ಮಾತೆತ್ತಿದೆ, ಅವರು ನಿದ್ದೆ ಬಂದವರ ಹಾಗೆ ಕಣ್ಣು ಮುಚ್ಚಿಕೊಂಡರು. ಆದ್ದರಿಂದ ಖಂಡಿತವಾಗಿ ನಾನು ಏನೂ ಹೇಳಲಾರೆ. ಇಲ್ಲಿಗೆ ಬಂದು ನಾಲ್ಕು ದಿನವಾಯಿತು, ಅಡುಗೆ ಮಾಡುತ್ತ ಗುನುಗುತ್ತಾರೆ, ಅದೂ ಆ ಬಾರಿನ ಹಾಡು. ಅನಿಶಾ ಬಿದ್ದು ಬಿದ್ದು ನಗುತ್ತಾಳೆ.

ನಿನ್ನ ಅಣ್ಣನಾಗಿ ಒಂದೇ ಮಾತು. ಅಮ್ಮನ ಮೇಲಿನ ಸಿಟ್ಟು ಬಿಡು. ಹಲ್ಲಿನ ಔಷಧಿ ಪೂರ್ತಿ ತೆಗೆದುಕೋ. ಮಾವನಿಗೂ ಅತ್ತೆಗೂ ನಮ್ಮ ನಮಸ್ಕಾರ ಹೇಳು. ನಿನ್ನ ಹುಡುಗನಿಗೆ, ಈಗಲೂ ಕಾಲ ಮಿಂಚಿಲ್ಲ, ಯೋಚನೆ ಮಾಡು ಎಂದು ನಾನು ಹೇಳಿದೆ ಎಂದು ಹೇಳು. ನೀನು ಎಲ್ಲಿದ್ದರೂ ನಗುನಗುತ್ತ ಇರಬೇಕು, ಅಷ್ಟೇ ನನ್ನ ಆಸೆ.

ನಿನ್ನ ಕೈಮುರುಕ ಅಣ್ಣ,
ಪೃಥ್ವಿ

ತಾ.ಕ.: ರಾಮಸ್ವಾಮಿಯವರು ಕೆಳಗೆ ಹಾರ್ನ್ ಹೊಡೆಯುತ್ತಿದ್ದಾರೆ, ನಿಂತುಕೊಂಡೇ ಗೀಚುತ್ತಿದ್ದೇನೆ. ಈಗಷ್ಟೇ ಅಡುಗೆಮನೆಯಲ್ಲಿ ಅಮ್ಮ ಅನಿಶಾಳ ಹತ್ತಿರ ಮೆಲ್ಲ ಕೇಳಿದರಂತೆ, ಧಾರೆಗೆ ನಿಲ್ಲುವಾಗ ತನಗೆ ಹಸಿರು ಸೀರೆ ಒಪ್ಪುತ್ತದಾ ಎಂದು! ಇವಳು ಕುಣಿದಾಡಿ ‘ಈಗಲೇ ಯಶುಗೆ ಫೋನ್ ಮಾಡಿ ಅತ್ತೆ’ ಎಂದರೆ, ‘ಅವಳು ಕರೆಯದೆ ನಾನಾಗಿ ಹೇಗೆ ಹೋಗಿ ನಿಲ್ಲುವುದು?’ ಎಂದರಂತೆ. ಹೌದಲ್ಲ ಮಾರಾಯ್ತಿ, ನೀನು ಜಗಳ ಮಾಡಿದ್ದೀಯ, ಹೆದರಿಸಿದ್ದೀಯ, ಗ್ರೂಪು ಬಿಟ್ಟಿದ್ದೀಯ. ಒಮ್ಮೆಯಾದರೂ ಕೇಳಿದ್ದೀಯಾ? ಇದನ್ನು ಓದಿದ ಕೂಡಲೇ ಫೋನ್ ಮಾಡು. ಇದೆಲ್ಲ ಗೊತ್ತಿಲ್ಲದವಳ ಹಾಗೆ, ‘ಅಮ್ಮಾ, ನನಗೆ ಧಾರೆ ಎರೆಯುತ್ತೀಯಾ?’ ಎಂದು ಕೇಳು.