ಮುಲ್ಲಾ ಅಜ್ಜ ಕೇಳಿದ ಮಾತು

ನರಿನ್,
ನವೆಂಬರ್ ೧೪

ಪ್ರೀತಿಯ ತಂಗಿ ಸಾಯ್ಕಲ್,

ಅಮ್ಮ ಹೋಗಿ ನಲವತ್ತು ದಿನವಾಯಿತು. ನಲವತ್ತರ ಊಟವನ್ನು ನಿನ್ನ ಗಂಡನ ಮನೆಯಲ್ಲೇ ಹಾಕಿಸಿದೆಯಂತೆ. ನನ್ನನ್ನು ಕರೆಯಲಿಲ್ಲ, ಕರೆಯದಿದ್ದದ್ದೇ ಸರಿ. ಫೋನನ್ನೂ ಎತ್ತುತ್ತಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಮಣ್ಣು ಮಾಡಬೇಕಿದ್ದ ಆ ಬೆಳಿಗ್ಗೆ ನೀನು, ಅಮ್ಮನನ್ನು ಮಲಗಿಸಿದ್ದ ಗುಡಾರದೊಳಗೆ ಹೆಂಗಸರ ಜೊತೆ ಅವಳ ಪಕ್ಕ ಕುಳಿತು ಹಾಡಿ ಅಳುತ್ತಿದ್ದೆ. ಹೊರಗೆ ನಡೆದದ್ದು ನಿನಗೆ ಬೇರೆಯವರ ಬಾಯಿಂದ ಬಂದಿದೆ. ನನ್ನಿಂದಲೂ ಕೇಳು.

ಊರ ಮುಸ್ಲಿಮರ ಖಬರಸ್ತಾನದಲ್ಲಿ ಅಪ್ಪನ ಪಕ್ಕದಲ್ಲೇ ಗುಂಡಿ ತೋಡಿಯಾಗಿತ್ತು. ನಾನು ಕ್ರಿಸ್ತನನ್ನು ನಂಬಿದವಳೆಂದು ಊರಿಗೆ ಗೊತ್ತೇ ಇತ್ತು. ಅಮ್ಮನ ಮೇಲೆ ಬರೀ ಅನುಮಾನ. ಮತ ಬಿಟ್ಟವಳಿಗೆ ಇಲ್ಲಿ ಜಾಗವಿಲ್ಲ, ಕೇಳಿಯೇ ತೀರಬೇಕು ಎಂದು ಊರಿನ ಹುಡುಗರು ಪಟ್ಟು ಹಿಡಿದದ್ದಕ್ಕೆ ಮುಲ್ಲಾ ಅಜ್ಜ ನನ್ನ ಹತ್ತಿರ ಬಂದರು. "ಮಗಳೇ, ನಿಮ್ಮಮ್ಮನ ಕೈಯಿಂದ ಎಷ್ಟು ಚಹಾ ಕುಡಿದಿದ್ದೀನೋ! ಅವಳು ನಮ್ಮವಳಾಗೇ ಹೋದ್ಲು ತಾನೆ? ನೀನು ಹೂಂ ಅನ್ನೋದೂ ಬೇಡ. ಸುಮ್ನೆ ನಿಂತಿರು, ಅಷ್ಟು ಸಾಕು" ಎಂದರು. ದೊಡ್ಡಪ್ಪ ನನ್ನ ತೋಳು ಚಿವುಟಿ, "ಬಾಯಿ ಮುಚ್ಕೊಂಡಿರೇ, ನಿನ್ನ ದಮ್ಮಯ್ಯ" ಎಂದ.

ನಾನು ಎಲ್ಲರಿಗೂ ಕೇಳುವಂತೆ ಹೇಳಿದೆ: "ಇಲ್ಲ. ಅಮ್ಮ ಯೇಸುವಿನವಳಾಗಿ ಹೋದಳು."

ಅಜ್ಜ ಕಣ್ಣು ಮುಚ್ಚಿಕೊಂಡರು. ಹುಡುಗರು ಹೋಗಿ ಖಾಲಿ ಗುಂಡಿಗೆ ಮಣ್ಣು ತುಂಬಿಬಿಟ್ಟರು. ಆಮೇಲಿನದು ನೀನೂ ನೋಡಿದ್ದೀಯಲ್ಲ. ಲಾರಿಯಲ್ಲಿ ಅಮ್ಮನನ್ನು ಹೊತ್ತು ಎರಡು ಊರು ತಿರುಗಿದೆವು. ಎಲ್ಲೂ ಜಾಗ ಕೊಡಲಿಲ್ಲ. ಸಂಜೆ ಹೊಳೆಯಾಚೆಯ ಕಲ್ಲುನೆಲದಲ್ಲಿ ನಮ್ಮ ಕ್ರೈಸ್ತ ಸಭೆಯ ನಾಲ್ವರು ಸೇರಿ ಮಣ್ಣು ಮಾಡಿದರು. "ಸತ್ಯ ಹೇಳ್ದೆ ಅಲ್ವಾ? ಈಗ ಹೊಟ್ಟೆ ತುಂಬ್ತಾ?" ಎಂದು ದೊಡ್ಡಪ್ಪ ಕೇಳಿದ. ಆಮೇಲೆ ನನ್ನ ಮುಖ ನೋಡಿಲ್ಲ.

ಮುಂದಿನ ಭಾನುವಾರ ಸಭಾಪಾಲಕರು ನನ್ನನ್ನು ಎಲ್ಲರೆದುರು ನಿಲ್ಲಿಸಿ, ಈ ಸಹೋದರಿ ಪ್ರೀತಿಯಿಂದ ಸತ್ಯ ನುಡಿದಳು ಎಂದರು. ಹೆಂಗಸರು ನನ್ನ ಕೈಗೆ ಮುತ್ತಿಟ್ಟರು. ನಾನು ತಲೆಯೆತ್ತಿ ನಿಂತಿದ್ದೆ. ಆದರೆ ಸಾಯ್ಕಲ್, ಆ ಮಾತಾಡುವಾಗ ನನ್ನ ಮನಸ್ಸಿನಲ್ಲಿ ಅಮ್ಮ ಇರಲಿಲ್ಲ. ಇದನ್ನು ಸಭೆಯವರು ಕೇಳಿದರೆ ಏನೆನ್ನುತ್ತಾರೆ ಎಂಬುದೇ ಇತ್ತು. ಸತ್ಯವೇನೋ ನುಡಿದೆ. ಪ್ರೀತಿ ಎಲ್ಲಿತ್ತು?

ಅಂದಿನಿಂದ ಸಭೆಗೆ ಹೋಗಿಲ್ಲ. ಮೊಣಕಾಲೂರುತ್ತೇನೆ, ಬಾಯಿಗೆ ಒಂದು ಮಾತೂ ಬರುವುದಿಲ್ಲ. ಮೊನ್ನೆ ಹೊಳೆಯಾಚೆ ಹೋಗಿದ್ದೆ. ದನಗಳು ಮಣ್ಣನ್ನು ತುಳಿದು ಸಮ ಮಾಡಿವೆ. ಅಮ್ಮ ಎಲ್ಲಿ ಮಲಗಿದ್ದಾಳೆಂದು ನನಗೆ ಗುರುತು ಸಿಗಲಿಲ್ಲ.

ಕ್ಷಮಿಸೆಂದು ಕೇಳುವ ಮುಖ ನನಗಿಲ್ಲ.

ನಿನ್ನ ಅಕ್ಕ,
ಬುರುಲ್ಚಾ

ಮರೆತು ಬಿಟ್ಟದ್ದಲ್ಲ, ಮೇಲೆ ಬರೆಯಲು ಕೈ ಬರಲಿಲ್ಲ: ಹೋಗುವ ಹಿಂದಿನ ದಿನ ಅಮ್ಮ ನನ್ನ ಕೈ ಹಿಡಿದು, "ನಾನ್ಯಾರವಳು ಅಂತ ಯೇಸುಗೆ ಗೊತ್ತು ಕಣೇ. ಊರೋರ ಹತ್ರ ನೀನೇನೂ ಹೇಳೋಕೆ ಹೋಗ್ಬೇಡ. ನನ್ನ ನಿಮ್ಮಪ್ಪನ ಪಕ್ಕ ಮಲಗಿಸು" ಎಂದಿದ್ದಳು. ಆಗಲಿ ಎಂದು ಮಾತು ಕೊಟ್ಟಿದ್ದೆ. ಲಾರಿಯ ಹತ್ತಿರ ನೀನು, "ಅಮ್ಮ ಕೊನೇಲಿ ಏನಾದ್ರೂ ಹೇಳಿದ್ಲಾ ಅಕ್ಕಾ?" ಎಂದು ಕೇಳಿದೆ. ಏನೂ ಇಲ್ಲ ಎಂದೆ.