ಅವರ ಪಾಳಿ ಬಂದಾಗ

ಗುರುವಾರ, ನವೆಂಬರ್ ೧೦, ೨೦೨೨

ದಾವಲಬಿ ಹೇಳಿದ್ದು ಇನ್ನೂ ತಲೆಯಲ್ಲೇ ಕೂತಿದೆ.

ಮಧ್ಯಾಹ್ನ ಸಯನ್‌ನಲ್ಲಿರುವ ನಮ್ಮ ಹಕ್ಕುಗಳ ಸಂಸ್ಥೆಯ ಆಫೀಸಿನಲ್ಲಿ ಜಿನೀವಾದ ನೇರಪ್ರಸಾರ ಹಾಕಿದ್ದೆವು. ವಿಶ್ವಸಂಸ್ಥೆಯಲ್ಲಿ ನಮ್ಮ ದೇಶದ ಮಾನವ ಹಕ್ಕುಗಳ ವಿಮರ್ಶೆ. ಬೇರೆ ದೇಶಗಳು ಒಂದೊಂದಾಗಿ ಸಲಹೆ ಕೊಡುತ್ತವೆ. ಸಿಗುವ ಚೂರು ಹೊತ್ತಿನಲ್ಲಿ ಅರ್ಧ ಹೊಗಳಿಕೆಗೇ ಹೋಗುತ್ತದೆ. ಮಗ ಅಲ್ತಮಶ ಲಾಕಪ್ಪಿನಲ್ಲಿ ಸತ್ತಾಗಿನಿಂದ ನಮ್ಮಲ್ಲಿಗೆ ಬರುವ ದಾವಲಬಿ ಪಕ್ಕದಲ್ಲೇ ಇದ್ದರು.

ಒಂದು ಪುಟ್ಟ ದೇಶದ ಹೆಂಗಸು, ಬಂಧನದಲ್ಲಿ ಹಿಂಸೆ ನಿಲ್ಲಿಸಿ ಎಂದಳು. ಬಸ್ಸಿನ ಬೋರ್ಡು ಓದಿದ ಹಾಗೆ ಅದನ್ನು ಕನ್ನಡದಲ್ಲಿ ಹೇಳಿದೆ. ನನಗೇನೂ ಅನ್ನಿಸಲಿಲ್ಲ. ದಾವಲಬಿ ಸೆರಗು ಸರಿಮಾಡಿಕೊಂಡು ಪರದೆಗೆ ಸಲಾಮ್ ಮಾಡಿದರು.

“ಆಕಿ ದೇಶದಾಗೂ ಹಿಂಗ ಹುಡುಗರು ಸಾಯ್ತಾರೇನ್ರಿ, ನಮಿತಾ ಮೇಡಮ್?”

“ಸಾಯ್ತಾರೆ ಚಾಚಿ. ಅವರ ಪಾಳಿಯೂ ಬರ್ತದೆ. ಆಗ ನಮ್ಮ ಸರ್ಕಾರದವರು ಮಾತಾಡ್ತಾರೆ.”

“ಹಂಗಾರ ನಮ್ಮೋರಿಗೆ ಹೇಳ್ರಿ, ಆ ಹುಡುಗರ ಮಾತು ಎತ್ತಲಿ ಅಂತ. ಆಕಿ ನಮ್ಮ ಹುಡುಗರ ಮಾತು ಎತ್ತಿದಳಲ್ಲ.”

ಹೇಳುತ್ತೇನೆ ಎಂದುಬಿಟ್ಟೆ.

ಅಲ್ತಮಶ ಹೇಗೆ ಸತ್ತನೆಂದು ಈ ತಾಯಿಗೇ ಇನ್ನೂ ಹೇಳದವರಿಗೆ, ಬೇರೆ ದೇಶದ ಹುಡುಗರ ಮಾತು ಎತ್ತಿ ಎಂದು ಹೇಗೆ ಹೇಳಲಿ?